ಪಲ್ಲ ಹಿಡಿಯೋರು ಬೇಕಾಗಿದ್ದಾರೆ

ನವೆಂಬರ್ ಬಂತಂದ್ರೆ ನಮ್ಮ ಆಫೀಸಿನಲ್ಲಿ ರಾಜ್ಯೋತ್ಸವ. ಹೋದ ಸಲ ಒಂದು ಫ್ಯೂಷನ್ ಬ್ಯಾಂಡ್ ಕರೆಸಿದ್ದರು. ಎರಡು ಗಿಟಾರು, ಒಂದು ಡ್ರಮ್ ಸೆಟ್ಟು, ನಡುವೆ ಹಾಡುವವನ ಕೈಯಲ್ಲಿ ಒಂದು ಏಕತಾರಿ. ಏಕತಾರಿಗೆ ಮೈಕೇ ಇರಲಿಲ್ಲ, ಅದು ಬರೀ ಫೋಟೋಕ್ಕೆ. ಶಿಶುನಾಳ ಶರೀಫರ ಕೋಳಿ-ಕೋಡಗದ ಪದ ಹಾಡಿದರು. ಇಡೀ ಕೆಫೆಟೀರಿಯಾ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡಿತು. ಒಬ್ಬರೂ ಬಾಯಿ ತೆರೆಯಲಿಲ್ಲ. ಮುಗಿದ ಮೇಲೆ ನಮ್ಮ ಟೀಮಿನ ಹುಡುಗನೊಬ್ಬ ಬಂದು, "ಸೂಪರ್ ಇತ್ತಲ್ಲ ಸರ್? ಇಂಥದ್ದನ್ನೆಲ್ಲ ಉಳಿಸಬೇಕು ಸರ್" ಅಂದ.

ಉಳಿಸಬೇಕು! ಈ ಶಬ್ದ ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಆದರೂ ಆ ಹುಡುಗನ ಮೇಲೆ ರೇಗಲಿಲ್ಲ. ಯಾಕಂದ್ರೆ ಈ ಉಳಿಸುವ ಕೆಲಸದಲ್ಲಿ ನಾನು ಅವನಿಗಿಂತ ಹತ್ತು ವರ್ಷ ಸೀನಿಯರ್. ನಾನು ಏನನ್ನ ಉಳಿಸಿದೆ, ಉಳಿಸಿದ ಮೇಲೆ ಏನಾಯಿತು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಆಮೇಲೆ ಬೇಕಾದರೆ ಜಗಳ ಮಾಡೋಣ.

ನಮ್ಮೂರು ನವಲಗುಂದ ತಾಲೂಕಿನ ಎರೆಭೂಮಿಯ ಒಂದು ಸಣ್ಣ ಹಳ್ಳಿ. ಹುಬ್ಬಳ್ಳಿಯಿಂದ ಬಸ್ಸಿಗೆ ಒಂದೂವರೆ ತಾಸು. ಅಮಾಸಿಗೊಮ್ಮೆ, ಶ್ರಾವಣದಲ್ಲಿ ಸೋಮವಾರಕ್ಕೊಮ್ಮೆ, ಬಸವಣ್ಣನ ಗುಡಿಯಲ್ಲಿ ಭಜನೆ. ಅಪ್ಪ ಆ ಮೇಳದಲ್ಲಿ ಮೂವತ್ತೈದು ವರ್ಷ ತಾಳ ಹಾಕಿದವನು. ಮುಂಜಾನೆ ಹೊಲ, ಸಂಜೆ ದನ, ರಾತ್ರಿ ತಾಳ. ಪೇಟಿ, ಅಂದರೆ ಹಾರ್ಮೋನಿಯಂ, ನಾವೆಲ್ಲ ಪೇಟಿ ಕಾಕಾ ಅಂತ ಕರೆಯುವ ಹಿರಿಯರದು. ತಬಲಾಕ್ಕೆ ಒಬ್ಬರು. ದಮ್ಮಡಿ ಮಸೂತಿ ಓಣಿಯ ಮಾಮಾನದು. ಉಳಿದವರದು ಬರೀ ಬಾಯಿ.

ಈ ಬರೀ ಬಾಯಿಯವರ ಕೆಲಸ ಏನು ಅಂತ ನೀವು ತಿಳ್ಕೋಬೇಕು. ಮುಂದೆ ಹಾಡುವವನು ಒಂದು ಸಾಲು ಹೇಳ್ತಾನೆ, ಹಿಂದಿನವರು ಅದನ್ನೇ ತಿರುಗಿ ಹೇಳ್ತಾರೆ. ಒಂದು ನುಡಿ ಮುಗಿದ ಕೂಡಲೇ ಎಲ್ಲರೂ ಕೂಡಿ ಪಲ್ಲಕ್ಕೆ ಬರ್ತಾರೆ. ಪಲ್ಲ ಅಂದ್ರೆ ಪುಸ್ತಕದ ಭಾಷೆಯಲ್ಲಿ ಪಲ್ಲವಿ. ಮುಂದಿನವನು ಉಸಿರು ತಗೊಳ್ಳೋದು, ಮುಂದಿನ ನುಡಿ ನೆನಪು ಮಾಡಿಕೊಳ್ಳೋದು, ಒಂದು ಗುಟುಕು ಚಹಾ ಕುಡಿಯೋದು ಎಲ್ಲ ಆ ಪಲ್ಲದ ಹೊತ್ತಿನಲ್ಲೇ. ಪಲ್ಲ ಹಿಡಿಯೋರಿಲ್ಲದಿದ್ದರೆ ಎಂಥ ಹಾಡುಗಾರನೂ ನಾಲ್ಕನೇ ಪದಕ್ಕೆ ಸುಸ್ತು. ರಾತ್ರಿ ಹತ್ತಕ್ಕೆ ಗಣಪತಿ ಸ್ತುತಿ, ಗುರುಸ್ತುತಿಯಿಂದ ಶುರುವಾಗಿ ಬೆಳಗಿನ ಜಾವ ಮಂಗಳಾರತಿಗೆ ಮುಗಿಯುವ ಭಜನೆಯ ಬಂಡಿ ಎಳೆಯುವುದು ಈ ಹಿಂದಿನ ಸಾಲು. ಅಲ್ಲಿ ಕೇಳುಗರು ಅಂತ ಬೇರೆ ಇಲ್ಲ. ಗುಡಿಯೊಳಗೆ ಬಂದು ಕೂತರೆ ನೀನೂ ಹಿಂದಿನ ಸಾಲಿನವನೇ.

ಹಾಡುವುದಾದರೂ ಏನು? ನಮ್ಮ ಸಿಟಿ ಗೆಳೆಯರಿಗೆ ಭಜನೆ ಅಂದ್ರೆ ಶರೀಫ, ಶರೀಫ ಅಂದ್ರೆ ಐದು ಹಾಡು. ಸಿ. ಅಶ್ವತ್ಥ್ ಹಾಡಿದ ಕ್ಯಾಸೆಟ್ಟುಗಳು, 1990ರಲ್ಲಿ ಬಂದ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಶರೀಫರನ್ನ ಕರ್ನಾಟಕದ ಮನೆಮನೆಗೆ ಮುಟ್ಟಿಸಿದವು. ಅದಕ್ಕೆ ಕೈ ಮುಗಿಯೋಣ. ಆದರೆ 1819ರಲ್ಲಿ ಶಿಶುನಾಳದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯನಾಗಿ, 1889ರಲ್ಲಿ ತೀರಿಕೊಂಡ ಆ ಮನುಷ್ಯ ಕಟ್ಟಿದ್ದು ನೂರಾರು ಪದ. ಗಿರಣಿ ನೋಡಿ ಗಿರಣಿಯ ಮೇಲೆ ಕಟ್ಟಿದ, ಸೋರುವ ಮಾಳಿಗೆ ನೋಡಿ ಅದರ ಮೇಲೆ ಕಟ್ಟಿದ, ಮೊಹರಂ ಅಲಾವಿ ಕುಣಿತಕ್ಕೆ ರಿವಾಯತ್ ಪದ ಕಟ್ಟಿದ. ಕ್ಯಾಸೆಟ್ಟಿನ ಐದರ ಆಚೆಗಿನ ಶರೀಫ ಇವತ್ತಿಗೂ ಇರೋದು ಇಂಥ ಮೇಳಗಳ ಬಾಯಲ್ಲಿ.

ಶರೀಫರ ಮಗ್ಗುಲಲ್ಲೇ ನಿಜಗುಣ ಶಿವಯೋಗಿಗಳು ಇದ್ದಾರೆ. ಅವರ 'ಕೈವಲ್ಯ ಪದ್ಧತಿ'ಯ ಹಾಡು ಅಂದ್ರೆ ಸಮಾಸದ ಮೇಲೆ ಸಮಾಸ, ಅಪ್ಪಟ ವೇದಾಂತ. ಮೂರನೇತ್ತಕ್ಕೆ ಸಾಲಿ ಬಿಟ್ಟವರು ಅದನ್ನ ತಪ್ಪಿಲ್ಲದೆ ಹಾಡ್ತಾರೆ, ಕೇಳಿದರೆ ಅರ್ಥಾನೂ ಹೇಳ್ತಾರೆ. ನಮ್ಮ ಸೀಮೆಯಲ್ಲಿ ಇದು ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಿದ್ದರಲ್ಲಿ ಹುಬ್ಬಳ್ಳಿಯ ಸಿದ್ಧಾರೂಢರ ಪಾಲು ದೊಡ್ಡದು. 1929ರಲ್ಲಿ ಸಮಾಧಿಯಾಗುವ ತನಕ ಅವರು ದಶಕಗಟ್ಟಲೆ ಜಾತಿ ಕೇಳದೆ ಬಂದವರಿಗೆಲ್ಲ ನಿಜಗುಣರ ಶಾಸ್ತ್ರ ಹೇಳಿದರು. ಕೇಳಿದವರು ಊರಿಗೆ ಹೋಗಿ ಅದನ್ನ ಪೇಟಿ, ತಾಳದ ಮೇಲೆ ಇಟ್ಟುಕೊಂಡರು. ಇವರ ಜೊತೆಗೆ ಮುಳಗುಂದದ ಬಾಲಲೀಲಾ ಮಹಾಂತ ಶಿವಯೋಗಿ, ಬೆಂಗಳೂರಿನ ಸರ್ಪಭೂಷಣ ಶಿವಯೋಗಿ, ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪ. ನವಲಗುಂದದ ನಾಗಲಿಂಗಜ್ಜನ ಮೇಲಿನ ಪದಗಳು. ಪುರಂದರ, ಕನಕ.

ಆಮೇಲೆ ವಚನ. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು 'ವಚನ ಶಾಸ್ತ್ರ ಸಾರ' ಅಚ್ಚು ಹಾಕಿಸಿದ್ದು 1923ರಲ್ಲಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಧಾರವಾಡದ ಮಗ್ಗುಲಿನ ಮನಸೂರು ಹಳ್ಳಿಯಿಂದ ಬಂದ ಮಲ್ಲಿಕಾರ್ಜುನ ಮನಸೂರರು ಘರಾಣೆಯ ಖಯಾಲ್ ಹಾಡುವ ಕಂಠದಲ್ಲೇ ವಚನವನ್ನೂ ಹಾಡಿದರು. ಪೇಟಿ ಕಾಕಾ ತಮಗೆ ಬರುವ ವಚನಗಳನ್ನೆಲ್ಲ ಕಲಿತದ್ದು ರೇಡಿಯೋದ ಮುಂದೆ ಕೂತು. ಅಂದ್ರೆ ನಾವು ತಲತಲಾಂತರದ್ದು ಅಂದುಕೊಂಡಿರುವ ಮೇಳಕ್ಕೆ ಪ್ರತಿ ತಲೆಮಾರಿನಲ್ಲೂ ಹೊಸ ಸರಕು ಬರ್ತಾ ಇತ್ತು. ಒಳಗೆ ತಗೊಳ್ಳೋ ಬಾಯಿಗಳು ಇದ್ದವು, ಬಂತು.

ನಾನು ಪ್ರೋಗ್ರಾಮರ್ ಆಗಿ ಬಹಳ ಮೆಚ್ಚಿಕೊಂಡ ಸಂಗತಿ ಇನ್ನೊಂದಿದೆ. ಜಾತ್ರೆಗಳಲ್ಲಿ ಭಜನೆ ಪದಗಳ ತೆಳ್ಳನೆಯ ಪುಸ್ತಕ ಮಾರ್ತಾರೆ. ಅದರಲ್ಲಿ ಸ್ವರಲಿಪಿ ಇರುವುದಿಲ್ಲ. ಪದದ ತಲೆಯ ಮೇಲೆ 'ಧಾಟಿ' ಅಂತ ಬರೆದು ಇನ್ನೊಂದು ಹಾಡಿನ ಹೆಸರು ಹಾಕಿರ್ತಾರೆ. ಈ ಪದವನ್ನ ಆ ಹಾಡಿನ ಹಾಗೆ ಹಾಡು ಅಂತ ಅರ್ಥ. ಆ ಹಾಡು ನಾಟಕದ್ದಿರಬಹುದು, ಸಿನಿಮಾದ್ದಿರಬಹುದು, ಇನ್ನೊಂದು ತತ್ವಪದವೇ ಇರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಪಾಯಿಂಟರ್. ರಾಗ ಪುಸ್ತಕದಲ್ಲಿಲ್ಲ, ಯಾರದೋ ಬಾಯಲ್ಲಿದೆ, ಅಲ್ಲಿಗೆ ಹೋಗು ಅಂತ ಪುಸ್ತಕ ಬೆರಳು ತೋರಿಸುತ್ತದೆ. ಆ ಬಾಯಿ ಮುಚ್ಚಿ ಹೋಗಿದ್ದರೆ ನಲ್ ಪಾಯಿಂಟರ್. ಸರ್ಕಾರದ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನ ಸಂಪುಟಗಟ್ಟಲೆ ತಂದಿದೆ. ದೊಡ್ಡ ಕೆಲಸ, ನನ್ನ ಕಪಾಟಿನಲ್ಲೂ ಕೆಲವು ಇವೆ. ಸಾಹಿತ್ಯ ಪೂರ್ತಿ ಇದೆ. ಒಬ್ಬನೇ ಕೂತು ತೆರೆದರೆ ಒಂದು ಪುಟವೂ ಹಾಡಾಗುವುದಿಲ್ಲ.

ಈ ಸಮಸ್ಯೆ ನಾನು ಬಿಡಿಸ್ತೀನಿ ಅಂತ ಹೊರಟೆ. 2015ರಲ್ಲಿ ಒಂದು ಒಳ್ಳೆಯ ರೆಕಾರ್ಡರ್ ತಗೊಂಡೆ. ಎರಡು ವರ್ಷ ರಜೆಗೆ ಹೋದಾಗೆಲ್ಲ ಗುಡಿಯಲ್ಲಿ ಸ್ಟ್ಯಾಂಡ್ ನೆಟ್ಟು ಕೂತೆ. 143 ಫೈಲ್ ಆದವು. ಸ್ಪ್ರೆಡ್‌ಶೀಟ್ ಮಾಡಿದೆ: ಪದ, ಕರ್ತೃ, ರಾಗ, ಅವಧಿ, ಮುಂದೆ ಹಾಡಿದವರು. ಡ್ರೈವಿಗೆ ಹಾಕಿ ಲಿಂಕ್ ಹಂಚಿದೆ. ಗುರುತಿಲ್ಲದವರೆಲ್ಲ ಹೊಗಳಿದರು. ಅಪ್ಪ ಮಾತ್ರ ಒಂದು ರಾತ್ರಿ ನಾನು ವೈರ್ ಸುತ್ತುವಾಗ ಕೇಳಿದ, "ಎಲ್ಲಾ ತುಂಬ್ಕೊಂಡಿ ಖರೆ. ನಿನಗ ಒಂದರ ಬರ್ತೈತೇನು?" ನಾನು ನಕ್ಕು, "ನಂದು ಟೆಕ್ನಿಕಲ್ ಕೆಲಸ ಅಪ್ಪಾ" ಅಂದೆ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅಪ್ಪ ತೀರಿಕೊಂಡ. ನಮ್ಮಲ್ಲಿ ತೀರಿದವರನ್ನ ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸ್ತಾರೆ. ಅಕ್ಕ ಪುಣೆಯಿಂದ ಬರಬೇಕಿತ್ತು, ಮಣ್ಣು ಮರುದಿನಕ್ಕೆ ಹೋಯಿತು. ಅಂದ್ರೆ ರಾತ್ರಿಯಿಡೀ ಹೆಣದ ಮುಂದೆ ಭಜನೆ ಆಗಬೇಕು. ಮೂವತ್ತೈದು ವರ್ಷ ಊರಿನ ಎಷ್ಟೋ ಹೆಣಗಳ ಮುಂದೆ ಅಪ್ಪ ಹಾಗೆ ಕೂತು ತಾಳ ಹಾಕಿದ್ದ.

ಬಂದವರು ನಾಲ್ಕು ಜನ. ಪೇಟಿ ಕಾಕಾನಿಗೆ ಎಪ್ಪತ್ತೆಂಟು. ದಮ್ಮಡಿ ಮಾಮಾನಿಗೆ ಮಂಡಿ ಮಡಚಲು ಬರುವುದಿಲ್ಲ, ಕುರ್ಚಿ ಹಾಕಿದೆವು. ಅಂಗಳದಲ್ಲಿ ನನ್ನ ವಯಸ್ಸಿನವರು ಮೂವತ್ತು ಜನ ಇದ್ದೆವು, ಎಲ್ಲ ಕೈಕಟ್ಟಿ ನಿಂತವರು. ಮೂರನೇ ಪದಕ್ಕೆ ಕಾಕಾನ ದನಿ ಬಿತ್ತು. ಹಿಂದೆ ಹಿಡಿಯೋರಿಲ್ಲ, ಅವರೇ ನುಡಿ ಹೇಳಿ ಅವರೇ ಪಲ್ಲ ಹೇಳಿ ಎಷ್ಟಂತ ಮಾಡಿಯಾರು? ಆಗ ನಮ್ಮ ಚಿಕ್ಕಪ್ಪನ ಮಗ ಕಿವಿಯ ಹತ್ತಿರ ಬಂದು, "ಅಣ್ಣಾ, ನಿನ್ನ ಕಡೆ ರಿಕಾರ್ಡಿಂಗ್ ಅದಾವಲ್ಲ. ಬ್ಲೂಟೂತ್ ಸ್ಪೀಕರ್ ನನ್ನ ಗಾಡ್ಯಾಗ ಐತಿ, ಹಚ್ಚೂಣೇನು?" ಅಂದ.

ಹೂಂ ಅಂದೆ. ಡ್ರೈವಿನಿಂದ ಒಂದು ಫೈಲ್ ತೆಗೆದು ಹಚ್ಚಿದೆ. ಸ್ಪೀಕರಿನಿಂದ ಅಪ್ಪನ ತಾಳ ಬಂತು. ಹಿಂದಿನ ಸಾಲಿನಿಂದ ಅಪ್ಪನ ದನಿ ಬಂತು. ಅಪ್ಪ ಎದುರಿಗೆ ಗೋಡೆಗೆ ಆನಿಸಿ ಕೂತಿದ್ದ. ಅವ್ವ ಒಳಗೆ ಜೋರಾಗಿ ಅತ್ತಳು. ಕಾಕಾ ಒಂದು ನುಡಿಯ ತನಕ ಅದರ ಜೊತೆ ಹಾಡಲು ನೋಡಿದರು, ಹೊಂದಲಿಲ್ಲ. ಕೈ ಎತ್ತಿ ಹೇಳಿದರು, "ಬಂದ್ ಮಾಡೋ ತಮ್ಮಾ. ಅದು ನಮಗ ನಿಲ್ಲೂದಿಲ್ಲ. ನಾವು ಉಸರ ತಗೊಳ್ಳೂದ್ರಾಗ ಅದು ಮುಂದ ಹೊಂಟಬಿಡ್ತೈತಿ."

ಬಂದ್ ಮಾಡಿದೆ. ನನ್ನ ಹತ್ತು ವರ್ಷದ ಉಳಿಸುವ ಕೆಲಸಕ್ಕೆ ಅಷ್ಟು ಸರಿಯಾದ ಟೆಸ್ಟಿಂಗ್ ಯಾರೂ ಮಾಡಿರಲಿಲ್ಲ. 143 ಪದ ಇಟ್ಟುಕೊಂಡವನಿಗೆ ಒಂದರ ಎರಡನೇ ನುಡಿಯೂ ಬಾಯಿಗೆ ಬರಲಿಲ್ಲ.

ಮುಂದಿನ ಪದಕ್ಕೆ ಪಲ್ಲ ಒಳಗಿನಿಂದ ಬಂತು. ಅಪ್ಪನ ತಂಗಿ, ನಮ್ಮತ್ತಿ. ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಅಲ್ಲಿದ್ದ ಹೆಂಗಸರೆಲ್ಲ. ನಲವತ್ತು ವರ್ಷ ಗುಡಿಯ ಕಟ್ಟೆಯ ಆಚೆ, ಬಾಗಿಲ ಹಿಂದೆ, ಚಹಾ ಕಾಸುತ್ತ ಕೇಳಿದವರು. ಎಲ್ಲ ಪದ, ಎಲ್ಲ ನುಡಿ, ಎಲ್ಲ ಧಾಟಿ ಅವರಿಗೆ ಗೊತ್ತಿತ್ತು. ಬೆಳಗಿನ ತನಕ ಅವರು ಹಿಡಿದರು, ಕಾಕಾ ಹಾಡಿದರು. ನನ್ನ ಸ್ಪ್ರೆಡ್‌ಶೀಟಿನಲ್ಲಿ ಹಿಂದೆ ಹಾಡಿದವರಿಗೆ ಕಾಲಮ್ಮೇ ಇರಲಿಲ್ಲ. ಈ ಹೆಂಗಸರ ಒಂದು ದನಿಯೂ ನನ್ನ ರೆಕಾರ್ಡಿಂಗಿನಲ್ಲಿಲ್ಲ.

ಇಷ್ಟಾದ ಮೇಲೆ ಈಗ ಜಗಳಕ್ಕೆ ಬರ್ತೀನಿ.

"ಕಾಲ ಬದಲಾಯಿತು, ಟೀವಿ, ಮೊಬೈಲ್ ಬಂದು ಎಲ್ಲ ಹಾಳಾಯಿತು" ಅಂತೀರಿ. ಇಂಜಿನಿಯರಿಂಗ್ ಓದುವಾಗ ನನ್ನ ರೂಮ್‌ಮೇಟ್ ಹುಬ್ಬಳ್ಳಿಯ ಒಂದು ಹಳೆಯ ಕ್ರಿಶ್ಚಿಯನ್ ಮನೆತನದವನು. ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ನಿಘಂಟಿನ ಕಿಟೆಲ್ ಗೊತ್ತಲ್ಲ, ಅವರು 1862ರಲ್ಲೇ 'ಕಥಾಮಾಲೆ' ಅಂತ ಯೇಸುವಿನ ಚರಿತ್ರೆಯನ್ನ ನಮ್ಮ ಛಂದಸ್ಸಿನಲ್ಲಿ ಕಟ್ಟಿದ್ದರು. ಅಂಥ ಊರಿನ ಹುಡುಗ. ಶನಿವಾರ ಸಂಜೆ ನಾವೆಲ್ಲ ಸಿನಿಮಾಕ್ಕೆ ಹೊರಟರೆ ಅವನು ಬರ್ತಿರಲಿಲ್ಲ. ಕ್ವಾಯರ್ ಪ್ರಾಕ್ಟೀಸ್. ನಾವು ಅವನನ್ನ ಕಾಡಿಸಿದ್ದಕ್ಕೆ ಲೆಕ್ಕವಿಲ್ಲ. ಈಗ ಅವನೂ ನಮ್ಮ ಹಾಗೆ ಐಟಿಯಲ್ಲಿದ್ದಾನೆ, ಬೇರೆ ಊರಲ್ಲಿದ್ದಾನೆ, ಅಲ್ಲೂ ಶನಿವಾರ ಹೋಗ್ತಾನೆ. ಅವನ ಮನೆಗೂ ಟೀವಿ ಬಂತು, ಅವನ ಕೈಗೂ ಮೊಬೈಲ್ ಬಂತು. ಅವನಿಗೆ ವಾರದಲ್ಲಿ ಒಂದು ಗೊತ್ತಾದ ಹೊತ್ತಿದೆ. ಕೆಟ್ಟದಾಗಿ ಹಾಡುವ ಹೊಸಬನಿಗೂ ನಿಲ್ಲಲು ಅಲ್ಲಿ ಒಂದು ಜಾಗ ಇದೆ. ನಮಗೂ ಇತ್ತು. ಬಿಟ್ಟು ಬಂದವರು ನಾವು, ಹೆಸರು ಮೊಬೈಲಿಂದು.

"ಪ್ರೋತ್ಸಾಹ ಕೊಡಬೇಕು, ಸ್ಪರ್ಧೆ ಇಡಬೇಕು" ಅಂತೀರಿ. ನಮ್ಮ ಮೇಳವೂ ಒಂದು ಸಲ ಭಜನಾ ಸ್ಪರ್ಧೆಗೆ ಹೋಯಿತು. ಎಂಟು ನಿಮಿಷ, ಏಳು ಜನ, ಒಂದೇ ಬಣ್ಣದ ಜುಬ್ಬ. ಇಪ್ಪತ್ತೆರಡು ಜನರಲ್ಲಿ ಕಂಠ ಚೆನ್ನಾಗಿದ್ದ ಏಳು ಜನರನ್ನ ಆರಿಸಿದರು. ಬಹುಮಾನವೂ ಬಂತು, ಶಾಲು, ಫೋಟೋ. ಉಳಿದ ಹದಿನೈದು ಜನರಿಗೆ ತಮ್ಮ ಕಂಠ ಸರಿಯಿಲ್ಲ ಅಂತ ಅವತ್ತು ಮೊದಲ ಸಲ ಗೊತ್ತಾಯಿತು. ಮುಂದಿನ ಅಮಾಸಿಗೆ ಅವರಲ್ಲಿ ಅರ್ಧ ಜನ ಬರಲಿಲ್ಲ. ವರ್ಷದೊಳಗೆ ಉಳಿದರ್ಧ. ಚೆನ್ನಾಗಿ ಹಾಡುವವರನ್ನ ಮಾತ್ರ ಇಟ್ಟುಕೊಂಡ ಮೇಳಕ್ಕೆ ಹತ್ತು ವರ್ಷದ ಮೇಲೆ ಹಾಡುವವರೇ ಇರುವುದಿಲ್ಲ. ಚೆನ್ನಾಗಿ ಹಾಡುವವನು ತಯಾರಾಗೋದು ಹಿಂದಿನ ಸಾಲಿನಲ್ಲಿ, ಇಪ್ಪತ್ತು ವರ್ಷ ಸಾಧಾರಣವಾಗಿ ಹಾಡಿ.

ಇನ್ನು ಮಾಲೀಕರು. "ಶರೀಫ ನಮ್ಮವನು", "ಗುಡಿಯಲ್ಲಿ ರಿವಾಯತ್ ಯಾಕೆ", "ವಚನಕ್ಕೆ ಸಿನಿಮಾ ಧಾಟಿಯೇ? ಛೀ." ವಾಟ್ಸಾಪ್ ಗುಂಪುಗಳಲ್ಲಿ ಹೀಗೆ ತೀರ್ಪು ಕೊಡುವವರಲ್ಲಿ ನನ್ನ ಜೊತೆ ಓದಿದವರೇ ಬಹಳ. ಒಬ್ಬರೂ ಒಂದು ಅಮಾಸಿ ಬಂದು ಕೂತವರಲ್ಲ. ನಿಜಗುಣರ ಪದಕ್ಕೆ ದಮ್ಮಡಿ ಮಾಮಾ ಮೂವತ್ತು ವರ್ಷ ನುಡಿಸಿದ್ದಾನೆ, ಮೊಹರಮ್ಮಿನಲ್ಲಿ ಅಪ್ಪ ರಿವಾಯತ್ತಿಗೆ ದನಿಗೂಡಿಸಿದ್ದಾನೆ. ಹಾಡುವವರು ಕೇಳದ ಪ್ರಶ್ನೆಯನ್ನ ಹಾಡದವರು ಕೇಳ್ತಾರೆ. ಪಲ್ಲ ಹಿಡಿ, ಆಮೇಲೆ ಮಾತಾಡು ಅನ್ನೋದು ನನ್ನ ಉತ್ತರ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನೂ ಹೇಳುವುದಿಲ್ಲ. ಹೆಂಗಸರನ್ನ ಬಾಗಿಲ ಹಿಂದೆ ಇಟ್ಟಿದ್ದು ನಮ್ಮ ಮೇಳವೇ. ಯಾರು ಪೇಟಿಯ ಹತ್ತಿರ ಕೂರಬೇಕು, ಯಾರು ಕಟ್ಟೆಯ ಅಂಚಿನಲ್ಲಿ ಕೂರಬೇಕು ಅನ್ನೋದನ್ನ ಜಾತಿ ಹೇಳ್ತಿತ್ತು, ಬಾಯಲ್ಲಿ ಮಾತ್ರ ಎಲ್ಲ ಒಂದೇ ಅನ್ನುವ ಪದ. ಇದನ್ನ ಹಾಗೇ ಉಳಿಸುವುದಾದರೆ ನನಗೆ ಬೇಡ. ಇಲ್ಲೇ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ವಾರಕ್ಕೊಮ್ಮೆ ಭಜನೆಗೆ ಸೇರ್ತಾರೆ. ನಾನೂ ಹೆಡ್‌ಫೋನ್ ಹಾಕಿಕೊಂಡು ಕಿಟಕಿ ಮುಚ್ಚಿದವನೇ, ಆಂಟಿಯರ ಟೈಂಪಾಸ್ ಅಂತ ನಕ್ಕವನೇ. ನಾವು ಉಳಿಸಬೇಕು ಅಂತ ಭಾಷಣ ಮಾಡುತ್ತಿರುವುದನ್ನ ಆ ಆಂಟಿಯರು ತಪ್ಪದೇ ಮಾಡುತ್ತಿದ್ದಾರೆ.

ಅಪ್ಪ ಹೋದ ಮೇಲೆ ಅಮಾಸಿಗೆ ಊರಿಗೆ ಹೋಗ್ತೀನಿ. ಒಂದೂವರೆ ತಾಸಿನ ದಾರಿಗೆ ನನಗೆ ಯಾವತ್ತೂ ನೆಪ ಇರಲಿಲ್ಲ. ಮೊದಲ ರಾತ್ರಿ ಅಪ್ಪನ ತಾಳ ಕೈಗೆ ತಗೊಂಡೆ, ಲಯ ತಪ್ಪಿತು. ಕಾಕಾ, "ತಾಳ ಕೆಳಗಿಡು. ಮೊದಲ ಬಾಯಿ ತಗಿ" ಅಂದರು. ಎಂಟು ತಿಂಗಳು ಬರೀ ಬಾಯಿ. ಈಗ ಹನ್ನೊಂದು ಪದ ಪೂರ್ತಿ ಬರ್ತಾವೆ. ಬ್ಲೂಟೂತಿನ ತಮ್ಮನೂ ಬರ್ತಾನೆ, ಅವನ ಕಂಠ ನನಗಿಂತ ಕೆಟ್ಟದ್ದು. ನಲವತ್ತರ ಒಳಗಿನವರು ನಾವಿಬ್ಬರೇ. ಅತ್ತಿ ಗುಡಿಯೊಳಗೆ ಬಂದು ಮುಂದೆ ಕೂತ ಅಮಾಸಿ ಒಬ್ಬಿಬ್ಬರು ಹಿರಿಯರು ಗೊಣಗಿದರು. ಕಾಕಾ ಪೇಟಿಯನ್ನ ಒಂದು ಗೇಣು ಸರಿಸಿ ಜಾಗ ಮಾಡಿದರು. ಮುಂದಿನ ಅಮಾಸಿಗೆ ನಾಲ್ಕು ಜನ ಹೆಂಗಸರು ಬಂದರು. ರೆಕಾರ್ಡರ್ ಮನೆಯಲ್ಲೇ ಇರುತ್ತದೆ.

ಎಲ್ಲರಿಗೂ ಹತ್ತಿರದಲ್ಲಿ ಊರಿರುವುದಿಲ್ಲ, ಗೊತ್ತು. ಆದರೆ ನಿಮ್ಮ ಓಣಿಯಲ್ಲೋ, ಅಪಾರ್ಟ್‌ಮೆಂಟಿನಲ್ಲೋ, ಆಫೀಸಿಗೆ ಹೋಗುವ ದಾರಿಯ ಮಠದಲ್ಲೋ, ದರ್ಗಾದಲ್ಲೋ, ಚರ್ಚಿನಲ್ಲೋ ಎಲ್ಲೋ ಒಂದು ಕಡೆ ಈ ವಾರವೂ ಕೆಲವರು ಕೂತು ಹಾಡ್ತಾರೆ. ಅವರಿಗೆ ನಿಮ್ಮ ವಿಡಿಯೋ ಬೇಕಿಲ್ಲ, ಲೈಕ್ ಬೇಕಿಲ್ಲ, ಡಾಕ್ಯುಮೆಂಟರಿ ಅಂತೂ ಬೇಡವೇ ಬೇಡ. ಹಿಂದಿನ ಸಾಲಿನಲ್ಲಿ ಜಾಗ ಖಾಲಿ ಇದೆ. ಅನುಭವ ಬೇಕಿಲ್ಲ, ಕಂಠ ಬೇಕಿಲ್ಲ. ಸಂಬಳ ಇಲ್ಲ. ರಾತ್ರಿಯಲ್ಲಿ ಎರಡು ಸಲ ಚಹಾ ಕೊಡ್ತಾರೆ.